ಮೊಮ್ಮಗಳ ಎತ್ತರ

ಸಾಬಣ್ಣ ಯಾರನ್ನೂ ನಂಬುತ್ತಿರಲಿಲ್ಲ. ಹನ್ನೊಂದು ವರ್ಷ ಅವನ ಪಕ್ಕದಲ್ಲಿ ಕೂತು ಸರ್ಕಾರಿ ಜೀಪಿನಲ್ಲಿ ಮೈಮೂಳೆ ಸಡಿಲ ಮಾಡಿಕೊಂಡವನು ನಾನು, ನನ್ನನ್ನೂ ನಂಬುತ್ತಿರಲಿಲ್ಲ. ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟರೆ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ನಿನ್ನೀದೋ ಇವತ್ತಿಂದೋ ಅಯ್ಯನೋರೆ?" ಎಂದು ಕೇಳಿಯೇ ಬಾಯಿಗಿಡುವ ಮನುಷ್ಯ. ಚಹಾದಂಗಡಿಯವನು ಹಾಲಿಗೆ ನೀರು ಬೆರೆಸುತ್ತಾನೆ, ಡ್ರೈವರ್ ಡೀಸೆಲ್ ಕದಿಯುತ್ತಾನೆ, ಮೇಷ್ಟ್ರು ಹಾಜರಿ ತಿದ್ದುತ್ತಾನೆ. ಇವೆಲ್ಲ ಅವನ ಮಟ್ಟಿಗೆ ದಿನಾ ಹೊತ್ತು ಮೂಡಿದಷ್ಟೇ ಸತ್ಯ. ನನಗೆ ಸಿಟ್ಟು ಬರುತ್ತಿದ್ದದ್ದು ಇದಕ್ಕಲ್ಲ. ಹತ್ತರಲ್ಲಿ ಎಂಟು ಸಲ ಅವನ ಅನುಮಾನ ಸರಿಯಾಗಿಯೇ ಇರುತ್ತಿತ್ತಲ್ಲ, ಅದಕ್ಕೆ.

ನಮ್ಮದು ರಾಯಚೂರಿನಿಂದ ಹೊರಡುವ ನಾಲ್ಕು ಜನರ ತಂಡ. ಮೈಸೂರು ಕಡೆಯ ಒಬ್ಬರು ಡಾಕ್ಟರು, ಡ್ರೈವರ್, ಬರೆದುಕೊಳ್ಳುವ ಗುಮಾಸ್ತ ನಾನು, ಅಳೆಯುವ ಜವಾನ ಸಾಬಣ್ಣ. ಹಳ್ಳಿಗಳಿಗೆ ಹೋಗಿ ಮನೆಯವರು ಏನು ಉಣ್ಣುತ್ತಾರೆ, ಮಕ್ಕಳು ಎಷ್ಟು ತೂಗುತ್ತಾರೆ, ಎಷ್ಟೆತ್ತರ ಇದ್ದಾರೆ ಎಂದು ಬರೆದು ತರುವುದು ಕೆಲಸ. ಸಾಬಣ್ಣ ಜಾಲಹಳ್ಳಿ ಕಡೆಯ ಕುರಿ ಕಾಯುವ ಮನೆತನದವನು. ಆಳು ಗಿಡ್ಡ, ತಲೆಗೆ ರುಮಾಲು ಸುತ್ತಿದರೂ ನನ್ನ ಕಿವಿ ಮುಟ್ಟುತ್ತಿರಲಿಲ್ಲ. ಅಂಥವನ ಕೈಗೆ ಆರಡಿ ಮೇಲಿನ ಅಳತೆಕೋಲು ಕೊಟ್ಟಿದ್ದರು. ತೇಗದ ಕೋಲು, ಅದಕ್ಕೆ ಮೇಲೆ ಕೆಳಗೆ ಸರಿಯುವ ಒಂದು ಹಲಗೆ. ಹಲಗೆ ನೆತ್ತಿಗೆ ತಾಗಿದಲ್ಲಿ ಅವನು ಕೂಗಬೇಕು, ನಾನು ಬರೆಯಬೇಕು.

ಎತ್ತರ ಯಾಕೆ ಬೇಕು ಎಂದು ಮೊದಲ ವರ್ಷವೇ ನಾನು ಡಾಕ್ಟರನ್ನು ಕೇಳಿದ್ದೆ. ಅವರು ಹೇಳಿದರು: "ಸಂಬಳ ಎಷ್ಟು, ಬೆಳೆ ಎಷ್ಟು ಅಂತ ಕೇಳಿದರೆ ಜನ ಏನಾದರೂ ಹೇಳಬಹುದು ಮಲ್ಲಯ್ಯ. ಎಲುಬು ಹಾಗಲ್ಲ. ಮೊದಲ ನಾಲ್ಕೈದು ವರ್ಷ ಹೊಟ್ಟೆಗೆ ಏನು ಬಿತ್ತು, ಏನು ಬೀಳಲಿಲ್ಲ ಅನ್ನುವುದು ಅದರಲ್ಲಿ ಉಳಿದುಬಿಡುತ್ತೆ. ಒಂದೂರಿನ ಜನರ ಸರಾಸರಿ ಎತ್ತರ ತಿಳಿದರೆ, ಅವರು ಹುಟ್ಟಿದ ಕಾಲ ಹೇಗಿತ್ತು ಅಂತ ಗೊತ್ತಾಗುತ್ತೆ." ಅದು ನಮ್ಮ ಕಣ್ಣಿಗೇ ಕಾಣುತ್ತಿತ್ತು. ಮಾನ್ವಿ ಕಡೆ ಕಾಲುವೆ ನೀರು ಹರಿದ ಊರುಗಳಲ್ಲಿ, ಅಕ್ಕಿ ಗಿರಣಿ ಇದ್ದವರ ಓಣಿಗಳಲ್ಲಿ, ಹಲಗೆ ಮೇಲೆ ಹೋಗುತ್ತಿತ್ತು. ದೇವದುರ್ಗದ ಮಳೆ ನಂಬಿದ ಊರುಗಳಿಗೆ ಬಂದರೆ ಅದೇ ವಯಸ್ಸಿನ ಮಕ್ಕಳ ನೆತ್ತಿಗೆ ನಾಲ್ಕು ಬೆರಳು ಕೆಳಗೆ ಇಳಿಯುತ್ತಿತ್ತು. ರಜಾಕಾರರ ಗಲಾಟೆಯ ಆಸುಪಾಸಿನಲ್ಲಿ ಹುಟ್ಟಿದ ಗಂಡಸರಂತೂ ತಮ್ಮ ತಮ್ಮಂದಿರಿಗಿಂತಲೂ ಗಿಡ್ಡ.

ಡಾಕ್ಟರ ಮಾತು ಕೇಳಿ ಸಾಬಣ್ಣ ಮೀಸೆಯಲ್ಲೇ ನಕ್ಕ. "ಎಲುಬು ಸುಳ್ಳು ಹೇಳಂಗಿಲ್ಲ, ಖರೆ ಅದ. ಅದನ್ನ ಹೊತ್ತು ನಿಂತಾವ ಹೇಳ್ತಾನಲ್ರಿ."

ಹೇಳುತ್ತಿದ್ದರು ಕೂಡ. ಅಳತೆಯಲ್ಲಿ ಗಿಡ್ಡ ಬಂದವರಿಗೆ ಗೋಧಿ ಹಂಚುತ್ತಾರಂತೆ ಎಂಬ ಸುದ್ದಿ ಹಬ್ಬಿದ ಊರಲ್ಲಿ ಎಲ್ಲರ ಮೊಣಕಾಲುಗಳೂ ಸೀರೆ ಧೋತರದೊಳಗೆ ಮೆಲ್ಲಗೆ ಮಡಚಿಕೊಳ್ಳುತ್ತಿದ್ದವು. ಪೊಲೀಸಿಗೆ ಆಳು ಆರಿಸುತ್ತಾರಂತೆ ಎಂದು ತಿಳಿದ ಊರಲ್ಲಿ ಹುಡುಗರು ತುದಿಗಾಲಲ್ಲಿ ನಿಲ್ಲುತ್ತಿದ್ದರು. ಸಾಬಣ್ಣ ಕೂತು, ಹಿಮ್ಮಡಿಯ ಕೆಳಗೆ ಬೆರಳು ತೂರಿಸಿ ನೋಡಿ, "ಇಳೀಲೇ ಮಗನ, ಅಟ್ಟ ಏರಬ್ಯಾಡ" ಎಂದು ಮೊಣಕಾಲಿಗೊಂದು ಏಟು ಹಾಕುತ್ತಿದ್ದ. ಜನಕ್ಕೂ ನಮ್ಮ ಮೇಲೆ ಅಷ್ಟೇ ಅನುಮಾನ. ಎಪ್ಪತ್ತಾರರಲ್ಲಿ ಜೀಪಿನ ಸದ್ದು ಕೇಳಿದರೆ ಸಾಕು, ಗಂಡಸರು ಸಂತಾನಹರಣದ ಆಪರೇಷನ್ ಮಾಡಿಬಿಡುತ್ತಾರೆಂದು ಹೆದರಿ ಜೋಳದ ಹೊಲ ಹೊಕ್ಕುಬಿಡುತ್ತಿದ್ದರು. ಅಳೆದರೆ ಕೂಸು ಬೆಳೆಯುವುದಿಲ್ಲ ಎಂದು ತಾಯಂದಿರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಗುಂಜಹಳ್ಳಿಯ ಒಬ್ಬ ಮುದುಕಿ ಕೋಲನ್ನು ಮೇಲಿಂದ ಕೆಳಗೆ ನೋಡಿ, "ನನಗ ಕುಣಿ ತೋಡಾಕ ಅಳತಿ ತಗೊಂತೀರೇನು? ಇನ್ನಾ ಎರಡು ವರ್ಷ ತಡೀರಿ" ಅಂದಳು. ಸಾಬಣ್ಣನಿಗೆ ಆಕೆ ಬಹಳ ಹಿಡಿಸಿದಳು.

ಅವನ ನಿಜವಾದ ಕಸುಬು ಇದ್ದದ್ದು ವಯಸ್ಸು ಹಿಡಿಯುವುದರಲ್ಲಿ. ವಯಸ್ಸು ಗೊತ್ತಿಲ್ಲದೆ ಎತ್ತರ ಬರೆದರೆ ಕಸ. ಹಳ್ಳಿಯಲ್ಲಿ ಯಾರಿಗೆ ವಯಸ್ಸು ಗೊತ್ತು? "ಐದಿರಬಹುದು, ಎಂಟಿರಬಹುದು, ನೀವೇ ನೋಡಿ ಬರಕೊಳ್ರಿ" ಅನ್ನುತ್ತಿದ್ದರು. ಸಾಬಣ್ಣ ಬಿಡುತ್ತಿರಲಿಲ್ಲ. ಸರ್ಕಾರದ ಕೆಂಪು ಜೋಳ ಲಾರಿಯಲ್ಲಿ ಬಂದಾಗ ಈ ಕೂಸು ಹೊಟ್ಟೆಯಲ್ಲಿತ್ತೋ ಮೊಲೆ ಕುಡಿಯುತ್ತಿತ್ತೋ? ಗಂಜಿ ಕೇಂದ್ರ ತೆರೆದಾಗ ನಡೆಯುತ್ತಿತ್ತೋ ಅಂಬೆಗಾಲಿಡುತ್ತಿತ್ತೋ? ಹೊಳೆ ಬಂದು ದಂಡೆಯ ಹೊಲ ಕೊಚ್ಚಿದ್ದು ಹೆರಿಗೆಗೆ ಮುಂಚೆಯೋ ಆಮೇಲೋ? ಹೀಗೆ ಸುತ್ತಲೂ ಬೇಲಿ ಹಾಕುತ್ತ ಬಂದು ತಿಂಗಳನ್ನೇ ಹಿಡಿದು ಕೊಡುತ್ತಿದ್ದ. ಡಾಕ್ಟರೂ ಅವನ ಮುಂದೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು.

ಇಂಥವನಿಗೆ ಇದ್ದವಳು ಒಬ್ಬಳೇ ಮಗಳು, ಅಯ್ಯಮ್ಮ. ಹೆಂಡತಿ ಬೇಗ ತೀರಿಕೊಂಡಿದ್ದಳು. ಮಗಳನ್ನು ಜಾಲಹಳ್ಳಿಯ ಅಂಬಣ್ಣನಿಗೆ ಕೊಟ್ಟಿದ್ದ. ಅಂಬಣ್ಣ ಹತ್ತಿಪ್ಪತ್ತು ಕುರಿ ಇದ್ದ, ಮಾತು ಕಡಿಮೆಯ ಹುಡುಗ. ಮಾತು ಕಡಿಮೆ ಎನ್ನುವುದೇ ಸಾಬಣ್ಣನ ಅನುಮಾನಕ್ಕೆ ಸಾಕಾಗಿತ್ತು. ಎಪ್ಪತ್ತೆರಡರಲ್ಲಿ ಮಳೆ ಕೈಕೊಟ್ಟು, ಕುರಿಗಳಿಗೂ ಮೇವಿಲ್ಲದೆ ಆ ಕಡೆಯ ಅರ್ಧ ಜನ ಗುಳೆ ಎದ್ದರಲ್ಲ, ಆಗ ಅಂಬಣ್ಣನೂ ಹೆಂಡತಿಯನ್ನು ಕಟ್ಟಿಕೊಂಡು ಪುಣೆಗೆ ಹೊರಟ. ರಾಯಚೂರಲ್ಲಿ ರೈಲು ಹತ್ತುವ ಮುಂಚೆ ಇಬ್ಬರೂ ಸಾಬಣ್ಣನ ಖೋಲಿಗೆ ಬಂದರು. ಕಂಕುಳಲ್ಲಿ ಗೋಪಮ್ಮ, ಇಪ್ಪತ್ತು ತಿಂಗಳ ಕೂಸು. "ಯಪ್ಪಾ, ನಮಗ ಠಿಕಾಣಿ ಆಗೂತನಕ ಕೂಸನ್ನ ನಿನ್ನತ್ರ ಇಟಗೋ" ಎಂದು ಅಯ್ಯಮ್ಮ ಕೇಳಿದಳಂತೆ. ಇವನು ಒಲ್ಲೆ ಅಂದ.

ಇದನ್ನು ಅವನು ನನಗೆ ತನ್ನ ಜಾಣತನದ ಕಥೆಯಾಗಿ ಎಷ್ಟೋ ಸಲ ಹೇಳಿದ್ದ. "ಇಟಗೋಳಾಕ ಏನು ತೊಂದರಿ ಇರಲಿಲ್ರಿ. ಮಗ್ಗಲಮನಿ ಗದ್ದೆಮ್ಮ ನೋಡಿಕೊಂತೀನಿ ಅಂದಿದ್ಲು. ಖರೆ ಆ ಅಂಬಣ್ಣನ ಮ್ಯಾಲೆ ನನಗ ನಂಬಿಗಿಲ್ಲ. ಕೂಸು ಜೋಡಿ ಇದ್ರ ಆವ ನನ್ನ ಮಗಳನ್ನ ಪರಊರಾಗ ಬಿಟ್ಟು ಓಡಂಗಿಲ್ಲ. ಕೂಸಿಲ್ಲ ಅಂದ್ರ ಅವನ ಕಾಲಿಗೆ ಹಗ್ಗ ಎಲ್ಲೈತ್ರಿ?"

ಅಂಬಣ್ಣ ಎಲ್ಲೂ ಓಡಲಿಲ್ಲ. ಎಪ್ಪತ್ತಾರರಲ್ಲಿ ಪುಣೆಯಿಂದ ಯಾರೋ ಬರೆದ ಕಾರ್ಡು ಬಂತು, ಅಯ್ಯಮ್ಮ ಜ್ವರದಲ್ಲಿ ಹೋದಳು ಎಂದು. ಮಣ್ಣಾಗಿ ಹತ್ತು ದಿನ ಕಳೆದಿತ್ತು. ಸಾಬಣ್ಣ ಆ ಕಾರ್ಡನ್ನು ನನ್ನಿಂದ ನಾಲ್ಕು ಸಲ ಓದಿಸಿದ, ನಾನು ಏನೋ ಬಿಟ್ಟು ಓದುತ್ತಿದ್ದೇನೆ ಎಂಬ ಹಾಗೆ. ಎಪ್ಪತ್ತೊಂಬತ್ತರಲ್ಲಿ ಅಂಬಣ್ಣ ಜಾಲಹಳ್ಳಿಗೆ ಮರಳಿದ. ಜೊತೆಗೆ ಅಲ್ಲೇ ಕೆಲಸದಲ್ಲಿ ಕಂಡು ಕೂಡಿಕೊಂಡ ಎರಡನೆಯ ಹೆಂಡತಿ ಯಂಕಮ್ಮ, ಆಕೆಯ ಎದೆಗೊಂದು ಗಂಡು ಕೂಸು, ಸೆರಗು ಹಿಡಿದು ನಿಂತ ಗೋಪಮ್ಮ. ಸುದ್ದಿ ತಿಳಿದ ದಿನವೇ ಸಾಬಣ್ಣ ರಜೆ ಹಾಕಿ ಹೋದ. ಕಂಕುಳಲ್ಲಿದ್ದದ್ದು ಈಗ ನಡೆಯುತ್ತದೆ, ಮಾತಾಡುತ್ತದೆ, ಮೂಗು ಥೇಟ್ ಅಯ್ಯಮ್ಮನದು. ಕೈ ಹಿಡಿದು ತಾನೇ ಶಾಲೆಗೆ ಕರೆದುಕೊಂಡು ಹೋಗಿ ಹುಟ್ಟಿದ ತಿಂಗಳು, ವರ್ಷ ಹೇಳಿ ಹೆಸರು ಹಚ್ಚಿಸಿ ಬಂದ. ಅವನು ಹೇಳಿದ ವಯಸ್ಸನ್ನು ಯಾವ ಮೇಷ್ಟ್ರು ತಿದ್ದಿಯಾನು?

ಎಂಬತ್ತರ ಆಷಾಢದಲ್ಲಿ ನಮ್ಮ ತಂಡದ ಪಾಳಿ ಜಾಲಹಳ್ಳಿಗೆ ಬಂತು. ಮೊಮ್ಮಗಳು ಕೋಲಿಗೆ ಬೆನ್ನು ಕೊಟ್ಟು ನಿಂತಾಗ ಸಾಬಣ್ಣನ ಮುಖ ಹಬ್ಬದ ಹಾಗಿತ್ತು. ಹಲಗೆ ಇಳಿಸಿದ. ಕೂಗಲಿಲ್ಲ. ಮತ್ತೆ ಎತ್ತಿ ಇಳಿಸಿದ.

"ನೂರಾ ಹನ್ನೊಂದು" ಎಂದ, ಮೆಲ್ಲಗೆ.

ನಾನು ಬರೆದುಕೊಂಡೆ. ಒಂಬತ್ತು ವರ್ಷದ ಹುಡುಗಿಯರ ಸರಾಸರಿ ಆ ತಾಲೂಕಿನಲ್ಲಿ ನೂರಾ ಇಪ್ಪತ್ತು ಸೆಂಟಿಮೀಟರ್ ಬರುತ್ತಿತ್ತು. ಐದು ಬೆರಳು ಕಡಿಮೆ. ಬಡವರ ಮಕ್ಕಳೊಳಗೇ ಐದು ಬೆರಳು ಕಡಿಮೆ ಎಂದರೆ ಏನು ಅರ್ಥ ಎಂದು ಸಾಬಣ್ಣನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವನ ಕಣ್ಣು ಸೀದಾ ಯಂಕಮ್ಮನ ಕಡೆ ಹೋಯಿತು. ಆಕೆಯ ಸೊಂಟದ ಮೇಲಿನ ಗಂಡು ಕೂಸು ಕೆನ್ನೆ ತುಂಬಿಕೊಂಡು ರೊಟ್ಟಿ ಚೂರು ಚೀಪುತ್ತಿತ್ತು.

ಆಮೇಲಿನ ಮೂರು ತಿಂಗಳು ಅವನಿಗೆ ಬೇರೆ ಮಾತೇ ಇರಲಿಲ್ಲ. "ಆಕಿ" ಎಂದರೆ ಯಂಕಮ್ಮ. ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ. "ಆಕಿ ತನ್ನ ಕೂಸಿಗೆ ಹಾಲು, ನನ್ನ ಮಗಳ ಕೂಸಿಗೆ ಅಂಬ್ಲಿ ಹಾಕಾಕತ್ತಾಳ. ಎಲುಬೇ ಹೇಳಾಕತ್ತೈತಲ್ರಿ." ರಜೆ ಸಿಕ್ಕಾಗಲೆಲ್ಲ ಬಸ್ಸು ಹಿಡಿದು ಹೇಳದೆ ಕೇಳದೆ ಜಾಲಹಳ್ಳಿಯಲ್ಲಿ ಇಳಿಯುತ್ತಿದ್ದ. ರೊಟ್ಟಿ ಬುಟ್ಟಿಯ ಬಟ್ಟೆ ಸರಿಸಿ ಎಣಿಸುತ್ತಿದ್ದ. ಹುಡುಗಿಯನ್ನು ಗೋಡೆಯ ಮರೆಗೆ ಕರೆದು, "ನಿನ್ನೆ ಏನು ಉಂಡಿ? ಮೊನ್ನೆ ಏನು ಉಂಡಿ?" ಎಂದು, ನಾವು ಹಳ್ಳಿಗರನ್ನು ಕೇಳುವ ಪ್ರಶ್ನೆಗಳನ್ನೆಲ್ಲ ಕೇಳುತ್ತಿದ್ದ. ಆಕೆ ರೊಟ್ಟಿ, ಪುಂಡಿಪಲ್ಯ, ಬ್ಯಾಳಿ ಎಂದರೆ, ಹೇಳಿಕೊಟ್ಟಿದ್ದಾರೆ ಎಂದುಕೊಳ್ಳುತ್ತಿದ್ದ. ಯಂಕಮ್ಮ ಒಮ್ಮೆ ಧೈರ್ಯ ಮಾಡಿ, "ಆಕಿ ಸಣ್ಣಾಕಿ ಅದಾಳ ಯಪ್ಪಾ, ವಯಸ್ಸಿಗೆ ತಕ್ಕಂಗ ಬೆಳ್ಯಾಕತ್ತಾಳ" ಅಂದಳಂತೆ. ತಪ್ಪು ಮುಚ್ಚಿಕೊಳ್ಳುವವರ ಮಾತು ಹೀಗೆಯೇ ಇರುತ್ತದೆ ಎಂದು ಬಂದು ನನಗೆ ಹೇಳಿದ.

ನಾನೇನು ಕಡಿಮೆಯವನೇ? ನಾನೂ ನಂಬಿದೆ. ಮಲತಾಯಿ ಎಂದ ಕೂಡಲೇ ಅರ್ಧ ನಂಬಿದ್ದೆ, ಅಂಕಿ ನೋಡಿ ಪೂರ್ತಿ ನಂಬಿದೆ. ಕಚೇರಿಯ ಪಟ್ಟಿಯಿಂದ ಒಂಬತ್ತು ವರ್ಷದ ಹುಡುಗಿಯರ ಸರಾಸರಿಯನ್ನು ಬೇರೆ ಹಾಳೆಗೆ ಇಳಿಸಿ, ಗೋಪಮ್ಮನ ಎತ್ತರವನ್ನು ಕೆಳಗೆ ಬರೆದು, ಕೆಂಪು ಮಸಿಯಲ್ಲಿ ಗೆರೆ ಎಳೆದು ಅವನ ಕೈಗೆ ಕೊಟ್ಟವನು ನಾನೇ. ಆ ಕೆಂಪು ಗೆರೆ ನೆನಪಾದರೆ ಇವತ್ತಿಗೂ ನನ್ನ ಕೈ ನನಗೇ ಅಸಹ್ಯ ಅನ್ನಿಸುತ್ತದೆ.

ದಸರೆ ಮುಗಿದ ಮೇಲಿನ ಒಂದು ರವಿವಾರ ಇಬ್ಬರೂ ಜಾಲಹಳ್ಳಿಗೆ ಹೋದೆವು. ಅವನ ಹೆಗಲ ಮೇಲೆ ಕೋಲು, ನನ್ನ ಚೀಲದಲ್ಲಿ ಹಾಳೆ. ಅವರ ದೈವದ, ಅಂದರೆ ಕುಲದ ಪಂಚಾಯ್ತಿಯ, ಹಿರಿಯ ರಾಮಣ್ಣನನ್ನು ಅಂಬಣ್ಣನ ಮನೆಯ ಅಂಗಳಕ್ಕೆ ಕರೆಸಿದ. ಅಕ್ಕಪಕ್ಕದವರೂ ಸೇರಿದರು. ಸಾಬಣ್ಣ ನಿಂತೇ ಮಾತಾಡಿದ.

"ಹಿರ್ಯಾರ, ನನ್ನ ಮೊಮ್ಮಗಳನ್ನ ನಾನು ರಾಯಚೂರಿಗೆ ಕರಕೊಂಡು ಹೊಂಟೀನಿ. ಈ ಮನ್ಯಾಗ ಆಕಿಗೆ ಹೊಟ್ಟಿಗಿಲ್ಲ. ನಾ ಹೇಳೂದಲ್ಲ, ಸರಕಾರದ ಲೆಕ್ಕ ಹೇಳ್ತದ. ಅಯ್ಯನೋರೆ, ಓದ್ರಿ."

ನಾನು ಓದಿದೆ. ಒಂಬತ್ತು ವರ್ಷಕ್ಕೆ ನೂರಾ ಇಪ್ಪತ್ತು ಇರಬೇಕಾದದ್ದು ನೂರಾ ಹನ್ನೊಂದು ಇದೆ ಎಂದು. ಸಾಬಣ್ಣ ಹುಡುಗಿಯನ್ನು ಎಲ್ಲರೆದುರು ಕೋಲಿಗೆ ನಿಲ್ಲಿಸಿದ. ನೂರಾ ಹನ್ನೆರಡು. ನೆರೆಯ ಹೆಂಗಸೊಬ್ಬಳು ಯಂಕಮ್ಮನ ಕಡೆ ನೋಡಿ ಲೊಚಗುಟ್ಟಿದಳು. ರಾಮಣ್ಣ ಗಡ್ಡ ಕೆರೆದುಕೊಂಡು ಅಂಬಣ್ಣನನ್ನು ಕೇಳಿದ, "ಏನಪಾ, ಇದಕ್ಕೇನಂತಿ?" ಅಂಬಣ್ಣ ನೆಲ ನೋಡುತ್ತ ನಿಂತ. ಸಾಬಣ್ಣ ಹುಡುಗಿಯ ಕೈ ಹಿಡಿದ. ಆಕೆ ಇನ್ನೊಂದು ಕೈಯಿಂದ ಯಂಕಮ್ಮನ ಸೀರೆ ಹಿಡಿದುಕೊಂಡಳು, ಬಿಡಲಿಲ್ಲ.

ಯಂಕಮ್ಮ ಆಗ ಬಾಯಿ ತೆರೆದಳು. "ಯಪ್ಪಾ, ಆಕಿ ಒಂಬತ್ತರಾಕಿ ಅಲ್ಲ. ಏಳು ತುಂಬಿ ಎಂಟರಾಗ ಅದಾಳ."

"ಸುಳ್ಳು! ನಾ ಈ ಕೈಯಾಗ ಎತ್ತಿ ಆಡಿಸೀನಿ ಆಕಿನ. ನನಗ ವಯಸ್ಸು ಹೇಳಾಕ ಬರ್ತೀಯೇನು?"

"ನೀವು ಎತ್ತಿ ಆಡಿಸಿದಾಕಿ ಈಕಿ ಅಲ್ರಿ."

"ಸುಮ್ನಿರು" ಎಂದು ಅಂಬಣ್ಣ ಗದರಿದ.

"ಎಷ್ಟು ದಿನ ಸುಮ್ನಿರ್ಲಿ? ಕೂಸನ್ನ ಕಸಗೊಂಡು ಹೊಂಟಾರ. ನಾ ಹೆತ್ತಿಲ್ಲ, ಅಷ್ಟ. ಮೂರರಾಗ ಕೈಗೆ ಬಂದಾಕಿ, ನನ್ನ ಮಗ್ಗಲದಾಗ ಮಲಗಿ ಬೆಳೆದಾಕಿ. ಹೇಳು, ಇಲ್ಲಾಂದ್ರ ನಾ ಹೇಳ್ತೀನಿ."

ಅಂಬಣ್ಣ ಹೇಳಿದ. ಪುಣೆಗೆ ಹೋದ ಮೊದಲ ಬೇಸಿಗೆ, ಕಲ್ಲು ಒಡೆಯುವ ಜಾಗದಲ್ಲಿ ಜೋಪಡಿ. ಅಯ್ಯಮ್ಮನಿಗೆ ಹಾಲು ಬತ್ತಿತ್ತು. ಆಕೆ ಮತ್ತೆ ಬಸುರಿ, ರೈಲು ಹತ್ತುವಾಗ ಆಕೆಗೇ ಸರಿಯಾಗಿ ಗೊತ್ತಿರಲಿಲ್ಲ. ಎರಡು ವರ್ಷದ ಗೋಪಮ್ಮನಿಗೆ ವಾಂತಿಭೇದಿ ಹತ್ತಿತು. ಮೈಯಲ್ಲಿ ತಡೆಯುವ ಶಕ್ತಿ ಇರಲಿಲ್ಲ. ಮೂರು ದಿನ ಇದ್ದಳು. ಎರಡು ತಿಂಗಳಿಗೆ ಇನ್ನೊಂದು ಹೆಣ್ಣು ಹುಟ್ಟಿತು. ಹೋದವಳೇ ತಿರುಗಿ ಬಂದಳು ಎಂದು ಅಯ್ಯಮ್ಮ ಅದಕ್ಕೂ ಗೋಪಮ್ಮ ಎಂದೇ ಹೆಸರಿಟ್ಟಳು.

ನಮ್ಮ ಕಡೆ ಇದು ಹೊಸದಲ್ಲ. ಸತ್ತ ಕೂಸಿನ ಹೆಸರು ಮುಂದಿನದಕ್ಕೆ ಇಡುವುದನ್ನು ಐವತ್ತು ಮನೆಗಳಲ್ಲಿ ಕಂಡಿದ್ದೆವು. ಸಾಬಣ್ಣನಂತೂ ಪ್ರತಿ ತಾಯಿಯನ್ನೂ, "ಇದ ಹೆಸರಿಂದು ಮೊದಲೊಂದು ಇತ್ತೇನವ್ವ?" ಎಂದು ಕೇಳದೆ ವಯಸ್ಸು ಹಾಕುತ್ತಿರಲಿಲ್ಲ. ತನ್ನ ಮಗಳ ಮನೆಯಲ್ಲಿ ಮಾತ್ರ ಆ ಪ್ರಶ್ನೆ ಕೇಳಲಿಲ್ಲ. ಜಗತ್ತಿನಲ್ಲಿ ಅವನು ಅನುಮಾನ ಪಡದ ಸಂಗತಿ ಅದೊಂದೇ ಇತ್ತು, ಗೋಪಮ್ಮ ಬದುಕಿದ್ದಾಳೆ ಎನ್ನುವುದು.

"ನನಗ್ಯಾಕ ಹೇಳಲಿಲ್ಲ?" ಎಂದ.

ಅಂಬಣ್ಣ ಮೊದಲ ಸಲ ತಲೆ ಎತ್ತಿದ. "ಅಯ್ಯಮ್ಮ ಸಾಯೂ ಮುಂದ ಆಣಿ ಹಾಕಿಸಿಕೊಂಡ್ಲು ಮಾಮಾ. 'ನಮ್ಮಪ್ಪಗ ಹೇಳಬ್ಯಾಡ. ಅವತ್ತು ಕೂಸನ್ನ ಇಟಗೊಂಡಿದ್ರ ಉಳೀತಿತ್ತು ಅಂತ, ಜೀವ ಇರೂತನಕ ತನ್ನ ತಾನ ತಿಂತಾನ' ಅಂದ್ಲು. ಈಕಿನ್ನ ನೋಡಿ ಆಕೀನ ಅಂತ ನೀವು ತಿಳಕೊಂಡ್ರಿ. ನಾವು ಹಂಗ ಬಿಟ್ವಿ."

ಲೊಚಗುಟ್ಟಿದ್ದ ಹೆಂಗಸು ಸೆರಗು ಬಾಯಿಗಿಟ್ಟುಕೊಂಡಳು. ಸಾಬಣ್ಣ ಕೋಲು ಹಿಡಿದುಕೊಂಡೇ ನೆಲದ ಮೇಲೆ ಕೂತ. ನನಗೆ ಅವನ ಮೇಲೆ ಕರುಣೆ ಬಂತು, ಅದಕ್ಕಿಂತ ಹೆಚ್ಚು ನನ್ನ ಮೇಲೆ ಸಿಟ್ಟು ಬಂತು. ಆ ಹಾಳೆ ಇಲ್ಲದಿದ್ದರೆ ಈ ಮಾತು ಯಾವತ್ತೂ ಹೊರಗೆ ಬರುತ್ತಿರಲಿಲ್ಲ. ಏಳು ವರ್ಷ ಮೂರು ಜನ ಇವನಿಗಾಗಿ ಮುಚ್ಚಿಟ್ಟುಕೊಂಡು ಬಂದದ್ದನ್ನು ನಾವಿಬ್ಬರು ಹೋಗಿ ಅಗೆದು ತೆಗೆದಿದ್ದೆವು.

ಅವನು ನನ್ನ ಕಡೆ ನೋಡದೆ ಕೇಳಿದ. "ಅಯ್ಯನೋರೆ, ಏಳಕ್ಕ ಎಷ್ಟಿರಬೇಕು?"

"ನೂರಾ ಹತ್ತು."

"ಅಂದ್ರ?"

"ಎರಡು ಹೆಚ್ಚೇ ಇದ್ದಾಳೆ ಸಾಬಣ್ಣ."

ಗೋಪಮ್ಮ ಇದನ್ನೆಲ್ಲ ಎಷ್ಟು ತಿಳಿದುಕೊಂಡಳೋ ಕಾಣೆ. ಯಂಕಮ್ಮನ ಸೀರೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು, "ತಾತಾ, ನಾ ಗಿಡ್ಡ ಅದೀನೇನು?" ಎಂದು ಕೇಳಿದಳು.

"ಇಲ್ಲವ್ವ" ಎಂದ ಸಾಬಣ್ಣ. "ಬರೋಬ್ಬರಿ ಅದಿ. ನಿಮ್ಮವ್ವ ಚೊಲೋ ಬೆಳೆಸ್ಯಾಳ." ಹಾಗೆ ಹೇಳಿ ಯಂಕಮ್ಮನಿಗೆ ಎರಡೂ ಕೈ ಮುಗಿದ. ಆಕೆ ಗಾಬರಿಯಾಗಿ, "ಬ್ಯಾಡ ಯಪ್ಪಾ, ಬ್ಯಾಡ" ಎನ್ನುತ್ತ ಹಿಂದೆ ಸರಿದಳು. ಊಟಕ್ಕೆ ಏಳಿಸಲು ಎಲ್ಲರೂ ನೋಡಿದರು. ಅವನು ಒಂದು ತಂಬಿಗೆ ನೀರು ಕುಡಿದು ಎದ್ದ.

ಬಸ್ ನಿಲ್ದಾಣಕ್ಕೆ ಇಬ್ಬರೂ ನಡೆದೆವು. ನನ್ನ ತಲೆಯಲ್ಲಿ ಡಾಕ್ಟರು ಆ ತಿಂಗಳಷ್ಟೇ ಆಡಿದ ಮಾತೊಂದು ಕೊರೆಯುತ್ತಿತ್ತು. ಬರಗಾಲದ ಆಸುಪಾಸಿನಲ್ಲಿ ಹುಟ್ಟಿದ ಮಕ್ಕಳು ತಾವು ಹೆದರಿದಷ್ಟೇನೂ ಗಿಡ್ಡ ಉಳಿದಿಲ್ಲ, ಸರಾಸರಿ ಪರವಾಗಿಲ್ಲ ಎಂದು ಅವರು ಖುಷಿಪಟ್ಟಿದ್ದರು. ಪರವಾಗಿಲ್ಲದೆ ಏನು ಮಾಡೀತು? ಎಲ್ಲರಿಗಿಂತ ಸೊರಗಿದವರು ನಮ್ಮ ಜೀಪು ಬರುವ ಎಷ್ಟೋ ಮುಂಚೆ ಹೋಗಿಬಿಟ್ಟಿದ್ದರು. ಉಳಿದವರನ್ನು ಸಾಲಾಗಿ ನಿಲ್ಲಿಸಿ ಕೂಡಿ ಭಾಗಿಸಿದರೆ ಊರು ಚೆನ್ನಾಗಿಯೇ ಕಾಣುತ್ತದೆ. ಅಲ್ಲಿಯವರೆಗಿನ ಆರು ವರ್ಷ ನಾನು ಬರೆದ ಸರಾಸರಿಗಳನ್ನೆಲ್ಲ ಅವತ್ತು ಮೊದಲ ಸಲ ಅನುಮಾನದಿಂದ ನೋಡಿದೆ.

ದೇವದುರ್ಗದ ಬಸ್ಸು ಬರುವುದು ತಡ ಇತ್ತು. ಸಾಬಣ್ಣ ಕೋಲನ್ನು ಬೇವಿನ ಮರಕ್ಕೆ ಒರಗಿಸಿದ.

"ಹಾಳ್ಯಾಗ ವಯಸ್ಸು ತಿದ್ದಿದ್ರೇನು?"

"ತಿದ್ದಿದೆ. ಏಳು ಅಂತ ಹಾಕಿದೆ."

"ಮತ್ತ ಆಕಿನ್ನ? ದೊಡ್ಡಾಕಿನ್ನ ಯಾ ಕಾಲಂದಾಗ ಬರೀತೀರಿ?"

"ಅದಕ್ಕೆ ಕಾಲಂ ಇಲ್ಲ ಸಾಬಣ್ಣ."

ಅವನು ತಲೆಯಾಡಿಸಿದ. ಆಮೇಲೆ ಬಗ್ಗಿ, ಅಂಗೈಯನ್ನು ತನ್ನ ಮೊಣಕಾಲಿಗಿಂತ ಒಂದು ಗೇಣು ಮೇಲೆ ಮಟ್ಟವಾಗಿ ಹಿಡಿದ. "ನಮ್ಮ ಖೋಲಿ ಬಾಗಿಲದಾಗ ನಿಂತಿದ್ಲು. ಇಷ್ಟ ಇದ್ಲು ನೋಡ್ರಿ" ಅಂದ. ಕೈ ಸ್ವಲ್ಪ ಕೆಳಗೆ ಇಳಿಸಿದ, ಮತ್ತೆ ಮೇಲೆ ತಂದ, ಸರಿಯಾದ ಎತ್ತರ ಹುಡುಕುವವನ ಹಾಗೆ. ಬಸ್ಸು ಬಂದು ನಿಂತು ಕಂಡಕ್ಟರ್ ಕೂಗಿದರೂ ಆ ಕೈ ಅಲ್ಲಿಂದ ತೆಗೆಯಲಿಲ್ಲ.